ಕಲ್ಲು ಕ್ಯಾಲ್ಸಿಯಂನದು, ಔಷಧ ಸಿಟ್ರೇಟಿನದು: ಕಿಡ್ನಿ ಕಲ್ಲಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನಗೆ 42 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದೇನೆ. ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿದೆ. ಮೊದಲನೆಯದು ತಾನಾಗಿಯೇ ಹೊರಗೆ ಹೋಯಿತು. ಎರಡನೆಯದನ್ನು ಲೇಸರ್‌ನಿಂದ ಪುಡಿ ಮಾಡಿ ತೆಗೆದರು. ಅದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಎಂದು ವರದಿ ಬಂದಿದೆ. 24 ಗಂಟೆಗಳ ಮೂತ್ರ ಪರೀಕ್ಷೆಯಲ್ಲಿ ಸಿಟ್ರೇಟ್ 190 ಮಿ.ಗ್ರಾಂ., ಮೂತ್ರದ ಒಟ್ಟು ಪ್ರಮಾಣ 1,300 ಮಿ.ಲೀ. ಎಂದಿದೆ, ಕ್ಯಾಲ್ಸಿಯಂ ಮಿತಿಯೊಳಗೇ ಇದೆಯಂತೆ. ಡಾಕ್ಟರು ಪೊಟ್ಯಾಸಿಯಂ ಸಿಟ್ರೇಟ್ ಬರೆದುಕೊಟ್ಟಿದ್ದಾರೆ. ಕಲ್ಲಾಗಿರುವುದು ಕ್ಯಾಲ್ಸಿಯಂನಿಂದ ಎಂದ ಮೇಲೆ ಸಿಟ್ರೇಟ್ ಏಕೆ? ನಿಂಬೆಹಣ್ಣಿನಲ್ಲಿ ಇರುವುದೂ ಅದೇ, ದಿನಾ ಎರಡು ಹಣ್ಣು ಹಿಂಡಿಕೊಂಡು ಕುಡಿದರೆ ಸಾಕು ಎಂದು ಮನೆಯಲ್ಲಿ ಹೇಳುತ್ತಾರೆ. ಇದು ಸರಿಯೇ?
— ಓದುಗರು, ರಾಯಚೂರು

ಉತ್ತರ: ಕಿಡ್ನಿ ಕಲ್ಲುಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಕ್ಯಾಲ್ಸಿಯಂನವು, ಅವುಗಳಲ್ಲಿಯೂ ಹೆಚ್ಚಿನವು ನಿಮ್ಮದರಂತೆ ಕ್ಯಾಲ್ಸಿಯಂ ಆಕ್ಸಲೇಟಿನವು, ಎಂದರೆ ಕ್ಯಾಲ್ಸಿಯಂ ಜೊತೆ ಸೊಪ್ಪು ಮುಂತಾದವುಗಳಲ್ಲಿರುವ ಆಕ್ಸಲೇಟ್ ಎಂಬ ವಸ್ತು ಕೂಡಿ ಕಟ್ಟಿದವು. ಆದರೆ ಕಲ್ಲು ಕ್ಯಾಲ್ಸಿಯಂನದು ಎಂದ ಮಾತ್ರಕ್ಕೆ ದೋಷವೂ ಕ್ಯಾಲ್ಸಿಯಂನದೇ ಆಗಿರಬೇಕಿಲ್ಲ ಎಂಬುದನ್ನು ನಿಮ್ಮ ವರದಿಯೇ ಹೇಳುತ್ತಿದೆ. ಕ್ಯಾಲ್ಸಿಯಂ ಮಿತಿಯೊಳಗಿದೆ, ಕಡಿಮೆಯಾಗಿರುವುದು ನೀರು ಮತ್ತು ಸಿಟ್ರೇಟ್.

ಆರೋಗ್ಯವಂತರ ಮೂತ್ರದಲ್ಲಿಯೂ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಎಷ್ಟೋ ವೇಳೆ ಬರಿಯ ನೀರಿನಲ್ಲಿ ಕರಗಿ ನಿಲ್ಲಬಹುದಾದ ಮಟ್ಟವನ್ನು ಮೀರಿಯೇ ಇರುತ್ತವೆ. ಅಷ್ಟಾದರೂ ಎಲ್ಲರಿಗೂ ಕಲ್ಲಾಗುವುದಿಲ್ಲ, ಏಕೆಂದರೆ ಹರಳು ಕಟ್ಟದಂತೆ ತಡೆಯುವ ಕೆಲವು ವಸ್ತುಗಳು ಮೂತ್ರದಲ್ಲಿಯೇ ಇವೆ. ಅವುಗಳಲ್ಲಿ ಮುಖ್ಯವಾದದ್ದು ಸಿಟ್ರೇಟ್. ಅದು ಮೂತ್ರದಲ್ಲಿರುವ ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದುಕೊಂಡು ಅವುಗಳೊಂದಿಗೆ ನೀರಿನಲ್ಲಿ ಸುಲಭವಾಗಿ ಕರಗುವ ಸಂಯುಕ್ತವಾಗುತ್ತದೆ. ಹಾಗೆ ಸಿಟ್ರೇಟಿನ ಹಿಡಿತದಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಕೈಗೆ ಸಿಗುವುದಿಲ್ಲ. ಒಟ್ಟು ಕ್ಯಾಲ್ಸಿಯಂ ಅಷ್ಟೇ ಇದ್ದರೂ ಕಲ್ಲಾಗಬಲ್ಲ ಬಿಡಿ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ರಕ್ತನಿಧಿಯಲ್ಲಿ ರಕ್ತ ತುಂಬುವ ಚೀಲದೊಳಗೆ ಮೊದಲೇ ಸ್ವಲ್ಪ ದ್ರವ ಇರುವುದನ್ನು ರಕ್ತದಾನ ಮಾಡಿದವರು ನೋಡಿರಬಹುದು. ಅದರಲ್ಲಿರುವುದೂ ಸಿಟ್ರೇಟೇ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು, ಸಿಟ್ರೇಟ್ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಚೀಲದ ರಕ್ತ ದ್ರವವಾಗಿಯೇ ಉಳಿಯುತ್ತದೆ. 1914ರ ಸುಮಾರಿಗೆ ವೈದ್ಯರು ರಕ್ತಪೂರಣಕ್ಕೆ ಬಳಸತೊಡಗಿದ ಈ ಗುಣವೇ ಕಿಡ್ನಿಯಲ್ಲಿಯೂ ಕೆಲಸ ಮಾಡುತ್ತದೆ.

ಇದಲ್ಲದೆ ಇನ್ನೊಂದು ಕೆಲಸವನ್ನೂ ಸಿಟ್ರೇಟ್ ಮಾಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಆಗಲೇ ಹುಟ್ಟಿದ್ದರೆ ಅವುಗಳ ಮೇಲ್ಮೈಗೆ ಅದು ಅಂಟಿಕೊಂಡು ಹೊಸ ಪದರ ಕೂಡದಂತೆ, ಹರಳು ಹರಳಿಗೆ ಕಚ್ಚಿಕೊಂಡು ಗುಂಪಾಗದಂತೆ ನೋಡಿಕೊಳ್ಳುತ್ತದೆ. ಹರಳಿನ ಮಟ್ಟದಲ್ಲಿಯೇ ಉಳಿದದ್ದು ಮೂತ್ರದೊಂದಿಗೆ ಹರಿದುಹೋಗುತ್ತದೆ, ನೋವು ಕೊಡುವುದಿಲ್ಲ. ಒಟ್ಟುಗೂಡಿ ಒಂದೆಡೆ ನಿಂತದ್ದೇ ಮುಂದೆ ಕಲ್ಲಾಗುವುದು.

ದಿನಕ್ಕೆ 320 ಮಿ.ಗ್ರಾಂ.ಗಿಂತ ಕಡಿಮೆ ಸಿಟ್ರೇಟ್ ಹೊರಬಂದರೆ ಅದನ್ನು ಕೊರತೆಯೆಂದು ಪರಿಗಣಿಸುವುದು ರೂಢಿ. ನಿಮ್ಮದು 190. ಈ ಕೊರತೆ ಏಕೆ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಂಬೆಹಣ್ಣಿನ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲಿಯೇ.

ಮೂತ್ರದಲ್ಲಿ ಕಾಣುವ ಸಿಟ್ರೇಟ್ ನಾವು ತಿಂದದ್ದು ನೇರವಾಗಿ ಸೋರಿಬಂದದ್ದಲ್ಲ. ಆಹಾರದಿಂದ ಶಕ್ತಿ ತೆಗೆಯುವಾಗ ಶರೀರದ ಜೀವಕೋಶಗಳು ತಾವೇ ಅದನ್ನು ತಯಾರಿಸುತ್ತವೆ ಮತ್ತು ಬಳಸುತ್ತವೆ. 1937ರಲ್ಲಿ ಹಾನ್ಸ್ ಕ್ರೆಬ್ಸ್ ವಿವರಿಸಿದ, ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವರಿಗೆ ನೆನಪಿರುವ ಸಿಟ್ರಿಕ್ ಆಮ್ಲ ಚಕ್ರದ ಒಂದು ಘಟ್ಟವೇ ಇದು. ರಕ್ತದಿಂದ ಕಿಡ್ನಿಯಲ್ಲಿ ಸೋಸಿ ಬಂದ ಸಿಟ್ರೇಟಿನ ಬಹುಪಾಲನ್ನು ಕಿಡ್ನಿಯ ಸೂಕ್ಷ್ಮನಾಳಗಳು ಮತ್ತೆ ಒಳಗೆ ಎಳೆದುಕೊಳ್ಳುತ್ತವೆ, ಉಳಿದಷ್ಟೇ ಮೂತ್ರಕ್ಕೆ ಸೇರುತ್ತದೆ. ಎಷ್ಟು ಎಳೆದುಕೊಳ್ಳಬೇಕು, ಎಷ್ಟು ಬಿಡಬೇಕು ಎಂಬುದನ್ನು ತೀರ್ಮಾನಿಸುವುದು ಶರೀರದ ಆಮ್ಲ-ಕ್ಷಾರಗಳ ಸಮತೋಲ. ಆಮ್ಲದ ಹೊರೆ ಹೆಚ್ಚಾದಾಗ, ಕ್ಷಾರಕ್ಕೆ ಮೂಲವಾಗಬಲ್ಲ ಸಿಟ್ರೇಟನ್ನು ಕಿಡ್ನಿ ಹೊರಗೆ ಬಿಡಲು ಒಪ್ಪುವುದಿಲ್ಲ. ಮಾಂಸ, ಮೀನು, ಮೊಟ್ಟೆ ಅತಿಯಾಗಿ ತಿಂದು ತರಕಾರಿ ಹಣ್ಣುಗಳನ್ನು ಮುಟ್ಟದವರಲ್ಲಿ, ಬಹಳ ಕಾಲ ಭೇದಿಯಿಂದ ನರಳುವವರಲ್ಲಿ, ರಕ್ತದಲ್ಲಿ ಪೊಟ್ಯಾಸಿಯಂ ಇಳಿದವರಲ್ಲಿ, ಆಮ್ಲವನ್ನು ಸರಿಯಾಗಿ ಹೊರಹಾಕಲಾಗದ ಕಿಡ್ನಿ ನಾಳಗಳ ಒಂದು ಕಾಯಿಲೆಯಲ್ಲಿ ಹೀಗಾಗುತ್ತದೆ. ಮೈಗ್ರೇನ್ ತಲೆನೋವಿಗೂ ಮೂರ್ಛೆರೋಗಕ್ಕೂ ಕೊಡುವ ಟೋಪಿರಾಮೇಟ್ ಮಾತ್ರೆಯೂ ಸಿಟ್ರೇಟನ್ನು ಇಳಿಸುತ್ತದೆ. ಅದನ್ನು ನುಂಗುತ್ತಿರುವವರು ಕಲ್ಲಿಗೆ ಚಿಕಿತ್ಸೆ ಮಾಡುವ ವೈದ್ಯರಿಗೆ ತಿಳಿಸುವುದನ್ನು ಮರೆಯಬಾರದು. ಎಷ್ಟೋ ಜನರಲ್ಲಿ ಸ್ಪಷ್ಟ ಕಾರಣವೇ ಸಿಗುವುದಿಲ್ಲ ಎಂಬುದೂ ನಿಜ.

ಈಗ ಔಷಧಕ್ಕೆ ಬರೋಣ. ಬಾಯಿಯಿಂದ ಸೇವಿಸಿದ ಪೊಟ್ಯಾಸಿಯಂ ಸಿಟ್ರೇಟಿನಲ್ಲಿ ಬಹುಭಾಗ ಕಿಡ್ನಿಯವರೆಗೆ ಸಿಟ್ರೇಟಾಗಿಯೇ ಹೋಗಿ ತಲುಪುವುದಿಲ್ಲ. ಕರುಳಿನಲ್ಲಿ ಹೀರಿಕೊಂಡ ಮೇಲೆ ಮುಖ್ಯವಾಗಿ ಯಕೃತ್ತಿನಲ್ಲಿ ಅದು ದಹನವಾಗಿ ಬೈಕಾರ್ಬನೇಟ್, ಎಂದರೆ ಕ್ಷಾರ, ಉಳಿಯುತ್ತದೆ. ಕ್ಷಾರದ ದಾಸ್ತಾನು ಸಾಕಷ್ಟಿದೆ ಎಂದಾದಾಗ ಕಿಡ್ನಿ ಸಿಟ್ರೇಟನ್ನು ಎಳೆದುಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ನಿಮ್ಮ ಶರೀರದ್ದೇ ಸಿಟ್ರೇಟ್ ಮೂತ್ರಕ್ಕೆ ಹೆಚ್ಚಾಗಿ ಇಳಿಯುತ್ತದೆ. ಆದ್ದರಿಂದ ಮಾತ್ರೆಯಲ್ಲಿ ನಿಜವಾದ ಕೆಲಸ ಮಾಡುವುದು ಅದು ಹೊತ್ತು ತರುವ ಕ್ಷಾರ.

ನಿಂಬೆರಸದಲ್ಲಿ ಹೇರಳವಾಗಿರುವುದು ಸಿಟ್ರಿಕ್ ಆಮ್ಲ. ಅದರ ಸಿಟ್ರೇಟಿಗೆ ಪೊಟ್ಯಾಸಿಯಂ ಬದಲು ಹೈಡ್ರೋಜನ್ ಜೊತೆಯಾಗಿರುತ್ತದೆ. ಶರೀರದಲ್ಲಿ ಅದು ದಹನವಾದಾಗ ಆ ಹೈಡ್ರೋಜನ್ ಕೂಡ ನೀರಾಗಿ ಲೆಕ್ಕ ಚುಕ್ತಾ ಆಗುತ್ತದೆ, ಕ್ಷಾರ ಅಷ್ಟಾಗಿ ಮಿಗುವುದಿಲ್ಲ. ಅಧ್ಯಯನಗಳೂ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಸಿಟ್ರೇಟ್ ಕೊರತೆಯಿದ್ದ 12 ಮಂದಿಗೆ ದಿನಕ್ಕೆ ಸುಮಾರು 120 ಮಿ.ಲೀ. ನಿಂಬೆರಸವನ್ನು ಎರಡು ಲೀಟರ್ ನೀರಿನಲ್ಲಿ ಬೆರೆಸಿ ಕೊಟ್ಟ 1996ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಮೂತ್ರದ ಸಿಟ್ರೇಟ್ ಸರಾಸರಿ 142ರಿಂದ 346 ಮಿ.ಗ್ರಾಂ.ಗೆ ಏರಿತು. ಹತ್ತು ವರ್ಷಗಳ ನಂತರ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸಮಪ್ರಮಾಣದ ಸಿಟ್ರೇಟ್ ಇದ್ದ ಕಿತ್ತಳೆ ರಸ ಮತ್ತು ನಿಂಬೆ ಪಾನೀಯಗಳನ್ನು ಹೋಲಿಸಿದಾಗ ಕಿತ್ತಳೆ ರಸ ಸಿಟ್ರೇಟನ್ನು ಏರಿಸಿತು, ನಿಂಬೆ ಪಾನೀಯ ಏರಿಸಲಿಲ್ಲ. ಕಿತ್ತಳೆಯಲ್ಲಿ ಸಿಟ್ರೇಟಿನ ಜೊತೆಗೆ ಪೊಟ್ಯಾಸಿಯಂ ಹೆಚ್ಚಾಗಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಇನ್ನು 120 ಮಿ.ಲೀ. ರಸಕ್ಕೆ ನಮ್ಮ ಸಂತೆಯಲ್ಲಿ ಸಿಗುವ ಸಣ್ಣ ನಿಂಬೆಹಣ್ಣಾದರೆ ಆರೇಳು ಬೇಕಾದೀತು. ಅಷ್ಟನ್ನು ವರ್ಷಗಟ್ಟಲೆ ದಿನಾ ಕುಡಿಯುವವರ ಹಲ್ಲು ಜುಮ್ಮೆನ್ನುತ್ತದೆ, ಎದೆ ಉರಿಯುತ್ತದೆ.

ಹಾಗೆಂದು ನಿಂಬೆಯನ್ನು ನಾನು ತಳ್ಳಿಹಾಕುವುದಿಲ್ಲ. ಬರೀ ನೀರು ಕುಡಿಯಲು ಬೇಸರಿಸುವವರು ಅದರ ನೆಪದಲ್ಲಿ ಇನ್ನೊಂದು ಲೀಟರ್ ಕುಡಿದರೆ ಅದೇ ದೊಡ್ಡ ಲಾಭ. ಆದರೆ ನಮ್ಮಲ್ಲಿ ಶರಬತ್ತೆಂದರೆ ನಾಲ್ಕು ಚಮಚ ಸಕ್ಕರೆ, ಮೇಲೊಂದು ಚಿಟಿಕೆ ಉಪ್ಪು. ಉಪ್ಪಿನ ಸೋಡಿಯಂ ಹೊರಗೆ ಹೋಗುವಾಗ ಕಿಡ್ನಿ ಅದರೊಂದಿಗೆ ಕ್ಯಾಲ್ಸಿಯಂ ಅನ್ನೂ ಹೊರಗೆ ಬಿಡುತ್ತದೆ; ಸಕ್ಕರೆಯೂ ಮೂತ್ರದ ಕ್ಯಾಲ್ಸಿಯಂ ಹೆಚ್ಚಿಸುತ್ತದೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗೆ.

190ರ ಸಿಟ್ರೇಟ್, ಎರಡು ಸಲ ಕಲ್ಲು: ಈ ಸ್ಥಿತಿಯಲ್ಲಿ ನಿಮ್ಮ ಡಾಕ್ಟರ ಸಲಹೆ ಸರಿಯಾಗಿಯೇ ಇದೆ. ಸ್ಪೇನಿನಲ್ಲಿ ಸಿಟ್ರೇಟ್ ಕೊರತೆಯಿದ್ದ 57 ರೋಗಿಗಳನ್ನು ಎರಡು ಗುಂಪು ಮಾಡಿ ಮೂರು ವರ್ಷ ನಡೆಸಿದ, 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪೊಟ್ಯಾಸಿಯಂ ಸಿಟ್ರೇಟ್ ಪಡೆದವರಲ್ಲಿ ಹೊಸ ಕಲ್ಲು ಹುಟ್ಟುವ ಪ್ರಮಾಣ ವರ್ಷಕ್ಕೆ ತಲಾ 1.2ರಿಂದ 0.1ಕ್ಕೆ ಇಳಿಯಿತು, ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಗಮನಾರ್ಹ ಬದಲಾವಣೆಯೇನೂ ಆಗಲಿಲ್ಲ. ದಿನಕ್ಕೆ ಸಾಮಾನ್ಯವಾಗಿ, ಲವಣಗಳನ್ನು ಅಳೆಯುವ ಮಾನದಲ್ಲಿ, 30ರಿಂದ 60 ಮಿಲಿ ಈಕ್ವಿವಲೆಂಟ್‌ನಷ್ಟನ್ನು ಎರಡು ಮೂರು ಪಾಲು ಮಾಡಿ ಊಟದ ಜೊತೆ ಕೊಡುತ್ತಾರೆ. 1,080 ಮಿ.ಗ್ರಾಂ. ಪೊಟ್ಯಾಸಿಯಂ ಸಿಟ್ರೇಟ್ ಎಂದರೆ 10 ಮಿಲಿ ಈಕ್ವಿವಲೆಂಟ್. ನಿಮ್ಮ ಪ್ರಮಾಣ ಎಷ್ಟೆಂಬುದನ್ನು ಚೀಟಿಯೊಂದಿಗೆ ತಾಳೆ ನೋಡಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಬೇಡ, ಹೊಟ್ಟೆ ತೊಳಸುತ್ತದೆ.

ಆದರೆ ನಿಮ್ಮ ವರದಿಯಲ್ಲಿ ನನಗೆ ಸಿಟ್ರೇಟಿಗಿಂತ ಮೊದಲು ಕಂಡದ್ದು 1,300 ಮಿ.ಲೀ. ಎಂಬ ಅಂಕಿ. ಕಲ್ಲಿನ ರೋಗಿಗೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಕುಡಿಯುವ ನೀರಲ್ಲ, ಹೊರಗೆ ಹೋಗುವ ಮೂತ್ರ. ನಿಮ್ಮ ಕಡೆಯ ಬೇಸಿಗೆಯಲ್ಲಿ ಬೆವರಾಗಿ ಹೋಗುವ ನೀರನ್ನು ಲೆಕ್ಕಕ್ಕೆ ಹಿಡಿದರೆ ಮೂರು ಮೂರೂವರೆ ಲೀಟರ್ ಕುಡಿಯಬೇಕಾಗುತ್ತದೆ. ತರಗತಿಯ ನಡುವೆ ಶೌಚಾಲಯಕ್ಕೆ ಹೋಗಲಾಗದು ಎಂದು ಮಧ್ಯಾಹ್ನದವರೆಗೆ ನೀರನ್ನೇ ಮುಟ್ಟದ ಶಿಕ್ಷಕ ಶಿಕ್ಷಕಿಯರು ಬಹಳ ಮಂದಿ ಇದ್ದಾರೆ. ಆ ಅಭ್ಯಾಸ ಬದಲಾಗದೆ ಮಾತ್ರೆಯೊಂದೇ ನಿಮ್ಮನ್ನು ಕಾಯುವುದಿಲ್ಲ.

ಪ್ರಶ್ನೆ: ನನ್ನ ಎಡಗಿಡ್ನಿಯಲ್ಲಿ 9 ಮಿ.ಮೀ. ಕಲ್ಲಿದೆ. ಮೆಡಿಕಲ್ ಶಾಪಿನವರು ಕೊಟ್ಟ ‘ಕಲ್ಲು ಕರಗಿಸುವ’ ಸಿರಪ್ಪನ್ನು ಎಂಟು ತಿಂಗಳಿಂದ ಕುಡಿಯುತ್ತಿದ್ದೇನೆ. ಬಾಟಲಿಯ ಮೇಲೆ ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್ ಎಂದಿದೆ. ಮೊನ್ನೆ ಸ್ಕ್ಯಾನ್ ಮಾಡಿಸಿದರೆ ಕಲ್ಲು ಅಷ್ಟೇ ಇದೆ. ಪ್ರಮಾಣ ಹೆಚ್ಚಿಸಬೇಕೇ?
— ಓದುಗರು, ಶಿವಮೊಗ್ಗ

ಉತ್ತರ: ಬೇಡ. ಒಮ್ಮೆ ಗಟ್ಟಿಯಾಗಿ ಕಟ್ಟಿದ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಯಾವ ಸಿಟ್ರೇಟೂ ಕರಗಿಸುವುದಿಲ್ಲ. ಹೊಸದು ಹುಟ್ಟದಂತೆ, ಇರುವುದು ಬೆಳೆಯದಂತೆ ತಡೆಯಲು ಅದು ನೆರವಾಗಬಹುದು, ಅಷ್ಟೇ. ಕರಗುವುದು ಯೂರಿಕ್ ಆಮ್ಲದ ಕಲ್ಲು. ಮೂತ್ರದ ಪಿಎಚ್ ಅನ್ನು (ಆಮ್ಲ-ಕ್ಷಾರದ ಅಳತೆ, ಏರಿದಷ್ಟೂ ಕ್ಷಾರ) 6.5ರ ಆಸುಪಾಸಿಗೆ ಏರಿಸಿ ಕೆಲವು ತಿಂಗಳು ಹಾಗೆಯೇ ಉಳಿಸಿದರೆ ಅದು ಶಸ್ತ್ರಚಿಕಿತ್ಸೆಯಿಲ್ಲದೆ ಹೋಗಬಲ್ಲದು. ಆ ಕಲ್ಲಿನ ಖ್ಯಾತಿಯನ್ನೇ ಎಲ್ಲ ಕಲ್ಲುಗಳಿಗೂ ಹಂಚಿ ಸಿರಪ್ ಮಾರುವುದು ನಡೆದುಬಂದಿದೆ. ನಿಮ್ಮ ಕಲ್ಲು ಯಾವ ಜಾತಿಯದು ಎಂಬುದು ಇನ್ನೂ ಗೊತ್ತಿಲ್ಲದಿದ್ದರೆ ಸಿ.ಟಿ. ಸ್ಕ್ಯಾನಿನಲ್ಲಿ ಅದರ ಸಾಂದ್ರತೆ, ಮೂತ್ರದ ಪಿಎಚ್, ರಕ್ತದ ಯೂರಿಕ್ ಆಮ್ಲ ಇವುಗಳಿಂದ ಮೂತ್ರರೋಗ ತಜ್ಞರು ಸಾಕಷ್ಟು ಅಂದಾಜು ಮಾಡುತ್ತಾರೆ.

ಎರಡನೆಯ ಮಾತು ನೀವು ಕುಡಿಯುತ್ತಿರುವ ಔಷಧದ್ದು. ಉರಿಮೂತ್ರಕ್ಕೆಂದು ನಾಲ್ಕೈದು ದಿನ ಕೊಡುವ ಸಿರಪ್ಪುಗಳಲ್ಲಿ ಸಾಮಾನ್ಯವಾಗಿ ಇರುವುದು ಈ ಸೋಡಿಯಂ ಲವಣವೇ. ಅದು ಮೂತ್ರವನ್ನು ಕ್ಷಾರೀಯವಾಗಿಸುತ್ತದೆ, ಸಿಟ್ರೇಟನ್ನೂ ಏರಿಸುತ್ತದೆ. ಆದರೆ ಜೊತೆಗೆ ಬರುವ ಸೋಡಿಯಂ ಮೂತ್ರಕ್ಕೆ ಕ್ಯಾಲ್ಸಿಯಂ ಎಳೆದು ತರುವುದರಿಂದ ಕ್ಯಾಲ್ಸಿಯಂ ಕಲ್ಲಿನವರಿಗೆ ದೀರ್ಘಕಾಲ ಕೊಡಲು ವೈದ್ಯರು ಪೊಟ್ಯಾಸಿಯಂ ಲವಣವನ್ನೇ ಮೆಚ್ಚುತ್ತಾರೆ. ಅಡುಗೆ ಸೋಡಾ ನೀರಿಗೆ ಹಾಕಿಕೊಂಡು ಕುಡಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ರಕ್ತದೊತ್ತಡ ಇದ್ದವರಂತೂ ಆ ಗೋಜಿಗೇ ಹೋಗಬಾರದು.

9 ಮಿ.ಮೀ. ಕಲ್ಲು ತಾನಾಗಿ ಹೊರಬೀಳುವ ಸಂಭವ ಕಡಿಮೆ. ನೋವಿಲ್ಲವೆಂದು ಸುಮ್ಮನಿರಬೇಡಿ, ಕಲ್ಲು ಮೂತ್ರನಾಳಕ್ಕೆ ಇಳಿದು ಅಡ್ಡ ನಿಂತರೆ ದೊಡ್ಡ ನೋವಿಲ್ಲದೆಯೂ ಕಿಡ್ನಿ ಹಾಳಾಗಬಹುದು. ನೋವಿನ ಜೊತೆ ಚಳಿಜ್ವರ ಬಂದರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನಮ್ಮ ಅತ್ತೆಯವರಿಗೆ 66 ವರ್ಷ. ಸಕ್ಕರೆ ಕಾಯಿಲೆ ಇದೆ, ಬಿ.ಪಿ.ಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ. ಕ್ರಿಯಾಟಿನಿನ್ 1.7 ಇದೆ. ನಮ್ಮವರಿಗೆ ಕಲ್ಲಿಗೆಂದು ಕೊಟ್ಟ ಪೊಟ್ಯಾಸಿಯಂ ಸಿಟ್ರೇಟ್ ಮನೆಯಲ್ಲಿ ಉಳಿದಿದೆ. ಅತ್ತೆಯವರಿಗೂ ಸಣ್ಣ ಕಲ್ಲಿರುವುದರಿಂದ ಅದನ್ನೇ ಕೊಡಬಹುದೇ?
— ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಕೊಡಬೇಡಿ. ಈ ಅಂಕಣದ ಎಲ್ಲ ಉತ್ತರಗಳಲ್ಲಿ ಇದೊಂದನ್ನು ಕತ್ತರಿಸಿ ಇಟ್ಟುಕೊಂಡರೂ ಸಂತೋಷ. ಕ್ರಿಯಾಟಿನಿನ್ ಎಂಬುದು ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ಕಸ; ಅದು 1.7 ಎಂದರೆ ಅವರ ಕಿಡ್ನಿಯ ಶಕ್ತಿ ಆಗಲೇ ಸಾಕಷ್ಟು ಕುಂದಿದೆ, ಪೊಟ್ಯಾಸಿಯಂ ಅನ್ನು ಹೊರಹಾಕುವ ಸಾಮರ್ಥ್ಯವೂ ಕುಂದಿರುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವೆಲ್ಲವೂ ರಕ್ತದ ಪೊಟ್ಯಾಸಿಯಂ ಅನ್ನು ಏರಿಸಬಲ್ಲ ಔಷಧಗಳು. ಇವೆರಡರ ಮೇಲೆ ಪೊಟ್ಯಾಸಿಯಂ ಸಿಟ್ರೇಟ್ ಸೇರಿದರೆ, ಯಾವ ಮುನ್ಸೂಚನೆಯೂ ಇಲ್ಲದೆ ಹೃದಯದ ಬಡಿತ ತಪ್ಪಿ ಪ್ರಾಣಕ್ಕೆ ಅಪಾಯವಾಗಬಹುದು. ಪ್ರತಿದಿನ ಎಳನೀರು ಕುಡಿಸುವುದಕ್ಕೂ ಇಂಥವರಲ್ಲಿ ವೈದ್ಯರನ್ನು ಕೇಳಬೇಕು, ಅದರಲ್ಲಿಯೂ ಪೊಟ್ಯಾಸಿಯಂ ಧಾರಾಳವಾಗಿದೆ. ಕಿಡ್ನಿ ಸರಿಯಾಗಿರುವವರಿಗೂ ಈ ಔಷಧವನ್ನು ಆರಂಭಿಸುವ ಮೊದಲು ಮತ್ತು ಆನಂತರ ಆಗಾಗ ರಕ್ತದ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡುವುದು ವಾಡಿಕೆ. ಹೊಟ್ಟೆ ಹುಣ್ಣಿರುವವರಿಗೂ, ಮೂತ್ರದಲ್ಲಿ ಸೋಂಕು ಇರುವಾಗಲೂ ಇದನ್ನು ಕೊಡುವುದಿಲ್ಲ. ಇನ್ನು ಅಲ್ಯುಮಿನಿಯಂ ಇರುವ ಆಂಟಾಸಿಡ್ ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ಹೇಳಿ. ಸಿಟ್ರೇಟಿನ ಜೊತೆ ಸೇರಿದಾಗ ಶರೀರ ಅಲ್ಯುಮಿನಿಯಂ ಅನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ.

ಪ್ರಶ್ನೆ: ಮಾತ್ರೆ ಶುರು ಮಾಡಿದ ಮೇಲೆ ಮಲದಲ್ಲಿ ಇಡೀ ಮಾತ್ರೆಯೇ ಬಿದ್ದುಹೋಗುತ್ತಿರುವಂತೆ ಕಾಣುತ್ತದೆ. ಹಣ ದಂಡವೇ?
— ಓದುಗರು, ಧಾರವಾಡ

ಉತ್ತರ: ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳಲ್ಲಿ ಔಷಧವನ್ನು ಮೇಣದಂಥ ವಸ್ತುವಿನೊಳಗೆ ಕೂರಿಸಿರುತ್ತಾರೆ. ಔಷಧ ಕರುಳಿನಲ್ಲಿ ಕರಗಿಹೋದ ಮೇಲೆ ಅದರ ಖಾಲಿ ಗೂಡು ಹಾಗೆಯೇ ಹೊರಬರುತ್ತದೆ. ಚಿಂತೆ ಬೇಡ. ಆದರೆ ಮಾತ್ರೆಯನ್ನು ಮುರಿದು, ಅಗಿದು ನುಂಗಬೇಡಿ. ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿ. ಬಹಳ ಕಾಲದಿಂದ ಭೇದಿ ಇರುವವರಲ್ಲಿ ಮಾತ್ರ ಔಷಧ ಕರಗುವ ಮೊದಲೇ ಸಾಗಿಹೋಗಬಹುದು. ಅಂಥವರಿಗೆ ದ್ರವರೂಪದ್ದು ಒಳ್ಳೆಯದು.

ಪ್ರಶ್ನೆ: ಕಲ್ಲಾದ ಮೇಲೆ ಮನೆಯವರು ಹಾಲು, ಮೊಸರು, ರಾಗಿ ಎಲ್ಲ ನಿಲ್ಲಿಸಿದ್ದಾರೆ, ಬಾಳೆದಿಂಡಿನ ರಸ, ಹುರುಳಿ ಕಟ್ಟು ದಿನಾ ಕೊಡುತ್ತಾರೆ. ಸಿಟ್ರೇಟ್ ಹೆಚ್ಚಲು ಊಟದಲ್ಲಿ ಏನು ಮಾಡಬೇಕು?
— ಓದುಗರು, ತುಮಕೂರು

ಉತ್ತರ: ಹಾಲು ಮೊಸರನ್ನು ಮತ್ತೆ ಆರಂಭಿಸಿ. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಮಲದೊಂದಿಗೆ ಕಳಿಸುತ್ತದೆ. ಕ್ಯಾಲ್ಸಿಯಂ ಬಿಟ್ಟರೆ ಆಕ್ಸಲೇಟ್ ಸಲೀಸಾಗಿ ರಕ್ತಕ್ಕೂ ಅಲ್ಲಿಂದ ಮೂತ್ರಕ್ಕೂ ಹೋಗುತ್ತದೆ. ಇಟಲಿಯಲ್ಲಿ 120 ಗಂಡಸರನ್ನು ಐದು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಮಂದಿಯಲ್ಲಿ 23 ಜನರಿಗೆ ಮತ್ತೆ ಕಲ್ಲಾಯಿತು. ಕ್ಯಾಲ್ಸಿಯಂ ಎಂದಿನಂತೆ ಇಟ್ಟು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದ 60 ಮಂದಿಯಲ್ಲಿ 12 ಜನರಿಗೆ ಮಾತ್ರ. ಪಾಲಕ್, ದಂಟಿನ ಸೊಪ್ಪು, ಬಸಳೆ, ಕೆಸುವಿನಲ್ಲಿ ಆಕ್ಸಲೇಟ್ ಹೆಚ್ಚು. ಅವುಗಳನ್ನು ಪೂರ್ತಿ ಬಿಡುವ ಬದಲು ಅಪರೂಪಕ್ಕೆ, ಬೇಯಿಸಿದ ನೀರು ಚೆಲ್ಲಿ, ಅದೇ ಊಟದಲ್ಲಿ ಮೊಸರು ಅಥವಾ ಮಜ್ಜಿಗೆ ಇಟ್ಟುಕೊಂಡು ತಿನ್ನಬಹುದು. ರಾಗಿಯಲ್ಲಿ ಆಕ್ಸಲೇಟ್ ಇದ್ದರೂ 100 ಗ್ರಾಂಗೆ 300 ಮಿ.ಗ್ರಾಂ.ಗೂ ಮೀರಿ ಕ್ಯಾಲ್ಸಿಯಂ ಇದೆ. ದಿನಕ್ಕೊಂದು ಮುದ್ದೆಯನ್ನು ನಾನಂತೂ ಯಾರಿಗೂ ಬಿಡಿಸಿಲ್ಲ.

ಸಿಟ್ರೇಟಿಗೆ ಬೇಕಾದ ಕ್ಷಾರ ಊಟದಿಂದ ಬರುವುದು ಹಣ್ಣು ತರಕಾರಿಗಳಿಂದ. ಕಿತ್ತಳೆ, ಮೂಸಂಬಿ, ಕಲ್ಲಂಗಡಿ, ಬಾಳೆಹಣ್ಣು, ಸೋರೆ, ಕುಂಬಳ, ಸೌತೆ ಎಲ್ಲವೂ ಒಳ್ಳೆಯವೇ. ಎಳನೀರು ಆರೋಗ್ಯವಂತರಲ್ಲಿ ಮೂತ್ರದ ಸಿಟ್ರೇಟನ್ನು ಏರಿಸುವುದನ್ನು ಸಣ್ಣ ಅಧ್ಯಯನವೊಂದು ತೋರಿಸಿದೆ. ಬಾಳೆದಿಂಡು ನಾರು ಇರುವ ಒಳ್ಳೆಯ ತರಕಾರಿ, ಪಲ್ಯವೋ ಕೋಸಂಬರಿಯೋ ಮಾಡಿಕೊಂಡು ಸಂತೋಷವಾಗಿ ತಿನ್ನಿ. ಕಲ್ಲನ್ನು ಕರಗಿಸುತ್ತದೆ ಎಂಬ ಭರವಸೆಯಿಂದ ಸ್ಕ್ಯಾನ್ ಮುಂದೂಡಬೇಡಿ. ಹುರುಳಿಗೂ ಅಷ್ಟೇ ಮಾತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿಂಡಿಗಳನ್ನು ಕಡಿಮೆ ಮಾಡಿ. ದಿನದ ಒಟ್ಟು ಉಪ್ಪು 5 ಗ್ರಾಂ, ಎಂದರೆ ಒಂದು ಟೀ ಚಮಚ, ದಾಟದಿರಲಿ.

ಪ್ರಶ್ನೆ: ಮಾತ್ರೆಯನ್ನು ಎಷ್ಟು ಕಾಲ ನುಂಗಬೇಕು? ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ?
— ಓದುಗರು, ದುಬೈ

ಉತ್ತರ: ನುಂಗುತ್ತಿರುವವರೆಗೆ ಮಾತ್ರ ಅದರ ರಕ್ಷಣೆ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮೂತ್ರದ ಸಿಟ್ರೇಟ್ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷಗಳೊಳಗೆ ಮತ್ತೆ ಆಗುವುದರಿಂದ, ಪದೇ ಪದೇ ಕಲ್ಲಾಗುವವರಿಗೆ ವರ್ಷಗಟ್ಟಲೆ ಕೊಡಬೇಕಾಗುತ್ತದೆ. ನಿಮ್ಮಂತೆ ಬಿಸಿಲ ನಾಡಿನಲ್ಲಿ ದುಡಿಯುವವರಿಗೆ ಬೆವರಿನಿಂದ ಮೂತ್ರ ಗಟ್ಟಿಯಾಗುವ ತೊಂದರೆ ಬೇರೆ.

ಕೆಲಸ ಮಾಡುತ್ತಿದೆಯೇ ಎಂಬುದನ್ನು ಹೇಳುವುದು 24 ಗಂಟೆಗಳ ಮೂತ್ರ ಪರೀಕ್ಷೆಯೇ. ಚಿಕಿತ್ಸೆ ಆರಂಭಿಸಿ ಒಂದೆರಡು ತಿಂಗಳಾದ ಮೇಲೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಇದರಲ್ಲಿ ತಪ್ಪಾಗುವುದು ಹೆಚ್ಚಾಗಿ ಸಂಗ್ರಹಿಸುವಾಗ. ಬೆಳಿಗ್ಗೆ ಎದ್ದು ಮಾಡಿದ ಮೊದಲ ಮೂತ್ರವನ್ನು ಶೌಚಕ್ಕೆ ಬಿಟ್ಟು ಗಂಟೆ ಬರೆದಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಒಂದು ಹನಿಯೂ ಬಿಡದೆ ಲ್ಯಾಬಿನವರು ಕೊಟ್ಟ ಕ್ಯಾನಿಗೆ ಹಾಕಬೇಕು. ಮರುದಿನ ಅದೇ ಗಂಟೆಗೆ ಎದ್ದು ಮಾಡಿದ್ದನ್ನೂ ಸೇರಿಸಿ ಮುಗಿಸಬೇಕು. ಕ್ಯಾನಿನ ತಳದಲ್ಲಿ ಆಮ್ಲವನ್ನೋ ಬೇರೆ ರಾಸಾಯನಿಕವನ್ನೋ ಹಾಕಿರುತ್ತಾರೆ. ತೊಳೆದು ಚೆಲ್ಲಬೇಡಿ, ಕ್ಯಾನಿನ ಬಾಯಿಗೆ ನೇರವಾಗಿ ಮೂತ್ರ ಮಾಡದೆ ಬೇರೆ ಪಾತ್ರೆಯಲ್ಲಿ ಹಿಡಿದು ಸುರಿಯಿರಿ. ಪರೀಕ್ಷೆ ಇದೆಯೆಂದು ಅವತ್ತು ಮಾತ್ರ ನಾಲ್ಕು ಲೀಟರ್ ನೀರು ಕುಡಿಯುವವರಿದ್ದಾರೆ. ಅದರಿಂದ ಅಂಕಿ ಚೆನ್ನಾಗಿ ಕಾಣುತ್ತದೆ, ಕಲ್ಲು ಮಾತ್ರ ಉಳಿದ 364 ದಿನಗಳ ಲೆಕ್ಕ ಹಿಡಿಯುತ್ತದೆ.

ವರದಿಯಲ್ಲಿ ಸಿಟ್ರೇಟಿನ ಜೊತೆಗೆ ಪಿಎಚ್ ಅನ್ನೂ ನೋಡಬೇಕು. ಕ್ಷಾರ ಹೆಚ್ಚಾಗಿ ಪಿಎಚ್ 7ನ್ನು ದಾಟಿದರೆ ಆಕ್ಸಲೇಟ್ ಕಲ್ಲಿನ ಬದಲು ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲು ಕಟ್ಟುವ ಅವಕಾಶ ಹೆಚ್ಚುತ್ತದೆ. ಹಿಂದಿನ ಕಲ್ಲೇ ಫಾಸ್ಫೇಟಿನದಾಗಿದ್ದವರಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಸಿಟ್ರೇಟ್ ಏರದೆ ಪಿಎಚ್ ಮಾತ್ರ ಏರಿದ್ದರೆ ಪ್ರಮಾಣ ಹೆಚ್ಚಿಸುವುದು ಪರಿಹಾರವಲ್ಲ; ಆ ವರದಿಯನ್ನು ತೆಗೆದುಕೊಂಡು ಔಷಧ ಬರೆದವರ ಬಳಿಗೇ ಹೋಗಿ.